ಅಮೆರಿಕದ ಆಸ್ಪತ್ರೆಗಳಲ್ಲಿರುವ ಕನ್ನಡಿಗ ವೈದ್ಯರಿಗೆ ಬಹಿರಂಗ ಪತ್ರ: ಸಿಗರೇಟು ಬಿಡಿಸುವ ಮದ್ದನ್ನು ಎಲ್ಲರಿಗೂ ಬರೆಯಿರಿ

ಮಾನ್ಯ ವೈದ್ಯ ಮಿತ್ರರೇ, ನರ್ಸಿಂಗ್ ಬಂಧುಗಳೇ,

ಮೈಸೂರು, ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ, ಮಣಿಪಾಲದ ಕಾಲೇಜುಗಳಲ್ಲಿ ಓದಿ ಇಲ್ಲಿಗೆ ಬಂದವರು ನೀವು. ಇವತ್ತು ಇಲ್ಲಿನ ವಾರ್ಡುಗಳಲ್ಲಿ ರೌಂಡ್ಸ್ ಮಾಡುತ್ತಿದ್ದೀರಿ, ಎಷ್ಟೋ ಮಂದಿ ವಿಭಾಗಗಳನ್ನೇ ನಡೆಸುತ್ತಿದ್ದೀರಿ. ನಾನು ಓಹಾಯೊದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನೀವು ಬರೆದ ಔಷಧಿ ರೋಗಿಗೆ ತಲುಪುವ ಮುಂಚೆ ನನ್ನಂಥವರ ಕಣ್ಣಿಗೆ ಬೀಳುತ್ತದೆ. ನೀವು ಬರೆಯದೇ ಬಿಟ್ಟದ್ದೂ ಬೀಳುತ್ತದೆ. ಹಾಗೆ ಬಿಟ್ಟುಹೋಗುವ ಒಂದು ಔಷಧಿಯ ಬಗ್ಗೆ ಈ ಪತ್ರ.

ಸಿಗರೇಟು ಸೇದುವವರು ಅಡ್ಮಿಟ್ ಆದರೆ ಅದೇ ದಿನ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಚ್ಚಬೇಕು. ಚಪಲ ಕೆರಳಿದಾಗ ಬಾಯಿಗೆ ಹಾಕಿಕೊಳ್ಳಲು ಗಮ್ಮೋ ಲಾಜೆಂಜೋ ಜೊತೆಗಿರಬೇಕು, ಇಲ್ಲವೇ ಚಪಲ ತಗ್ಗಿಸುವ ವ್ಯಾರೆನಿಕ್ಲಿನ್ ಮಾತ್ರೆ ಶುರು ಮಾಡಬೇಕು. ಮನೆಗೆ ಹೊರಡುವಾಗ ಮದ್ದು ಅವರ ಕೈಯಲ್ಲಿರಬೇಕು. ಆಮೇಲೂ ಫೋನ್ ಮಾಡಿ ವಿಚಾರಿಸುತ್ತಿರಬೇಕು. ಡಿಸ್ಚಾರ್ಜ್ ಆದ ಮೇಲೆ ಕನಿಷ್ಠ ಒಂದು ತಿಂಗಳು ಬೆಂಬಲ ಮುಂದುವರಿದರೆ ಬಿಡುವವರ ಸಂಖ್ಯೆ ಏರುತ್ತದೆ ಎಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಪರಿಶೀಲನೆ ಎಂದೋ ತೋರಿಸಿದೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಇದು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬಲ್ಲಿ ಚರ್ಮದ ಬಣ್ಣ ಇನ್ನೂ ಕೆಲಸ ಮಾಡುತ್ತಿದೆ.

ಯುಗಾದಿ, ದೀಪಾವಳಿಗೆ ಕನ್ನಡ ಕೂಟದಲ್ಲಿ ಸೇರಿದಾಗ ಊಟದ ಹೊತ್ತಿನಲ್ಲಿ ನಮ್ಮವರ ಬಾಯಲ್ಲಿ ಒಂದು ಮಾತು ಬರುತ್ತದೆ: "ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ, ಬಿಡೋ ಮನಸ್ಸೇ ಇಲ್ಲ." 'ಈ ಜನ' ಎಂದರೆ ಕಪ್ಪು ಜನ ಎಂದು ಕೇಳಿಸಿಕೊಂಡವರಿಗೆಲ್ಲ ತಿಳಿಯುತ್ತದೆ. ಈ ಮಾತು ಶುದ್ಧ ಸುಳ್ಳು. ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2015ರಲ್ಲಿ ಸಂಗ್ರಹಿಸಿದ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳನ್ನು ನೋಡಿ. ಸಿಗರೇಟು ಸೇದುವ ಕಪ್ಪು ಜನರಲ್ಲಿ ಬಿಡಬೇಕೆಂದು ಬಯಸಿದವರು ಸುಮಾರು ಶೇ. 73, ಬಿಳಿಯರಲ್ಲಿ ಶೇ. 68. ಆ ವರ್ಷ ಒಮ್ಮೆಯಾದರೂ ಬಿಡಲು ಹೊರಟ ಕಪ್ಪು ಜನ ಶೇ. 63, ಬಿಳಿಯರು ಶೇ. 53. ಆದರೆ ಬಿಟ್ಟು ಗೆದ್ದವರು? ಕಪ್ಪು ಜನರಲ್ಲಿ ಶೇ. 5ರಷ್ಟು, ಬಿಳಿಯರಲ್ಲಿ ಶೇ. 7ರಷ್ಟು. ಹೆಚ್ಚು ಬಯಸಿದವರು, ಹೆಚ್ಚು ಪ್ರಯತ್ನಪಟ್ಟವರು ಕಡಿಮೆ ಗೆದ್ದಿದ್ದಾರೆ. ಅದೇ ಸಮೀಕ್ಷೆಯಲ್ಲಿ, ಬಿಡಲು ಹೊರಟಾಗ ಔಷಧಿಯನ್ನೋ ಸಲಹೆಗಾರರ ನೆರವನ್ನೋ ಪಡೆದವರು ಬಿಳಿಯರಲ್ಲಿ ಶೇ. 34, ಕಪ್ಪು ಜನರಲ್ಲಿ ಶೇ. 29. ಮನಸ್ಸಿಲ್ಲ ಎಂದು ನಾವು ಯಾರನ್ನು ಹಳಿಯುತ್ತೇವೋ ಅವರು ಬರಿಗೈಯಲ್ಲಿ ಹೋರಾಡುತ್ತಿದ್ದಾರೆ.

ನಮ್ಮ ಹೃದ್ರೋಗದ ವಾರ್ಡಿನಲ್ಲಿ ಒಬ್ಬರಿದ್ದರು. ಕಪ್ಪು ಜನಾಂಗದವರು, ಬಸ್ ಓಡಿಸಿ ನಿವೃತ್ತರಾದವರು. ಎದೆನೋವೆಂದು ಬಂದು ಸ್ಟೆಂಟ್ ಹಾಕಿಸಿಕೊಂಡಿದ್ದರು. ಚಾರ್ಟಿನಲ್ಲಿ 'ಲೈಟ್ ಸ್ಮೋಕರ್, ದಿನಕ್ಕೆ ಏಳು, ಬಿಡಲು ಸಲಹೆ ನೀಡಲಾಗಿದೆ' ಎಂದಿತ್ತು. ಪ್ಯಾಚಿಗೆ ಆರ್ಡರ್ ಇರಲಿಲ್ಲ. ಕೆಳಗೆ ನರ್ಸ್ ಬರೆದ ಟಿಪ್ಪಣಿ: 'ಚಡಪಡಿಸುತ್ತಿದ್ದಾರೆ, ಮನೆಗೆ ಹೋಗುತ್ತೇನೆ ಎನ್ನುತ್ತಿದ್ದಾರೆ.' ತರಬೇತಿಯಲ್ಲಿದ್ದ ಡಾಕ್ಟರಿಗೆ, ಅಂದರೆ ರೆಸಿಡೆಂಟ್‌ಗೆ, ಫೋನ್ ಮಾಡಿದೆ. "ದಿನಕ್ಕೆ ಏಳೇ ತಾನೇ, ಅದಕ್ಕೆಲ್ಲ ಪ್ಯಾಚ್ ಬೇಕಾ?" ಅಂದರು. ಡಿಸ್ಚಾರ್ಜ್ ಔಷಧಿಗಳನ್ನು ವಿವರಿಸಲು ಹೇಗೂ ಹೋಗಬೇಕಿತ್ತು, ಹೋದೆ. ಬೆಳಗಿನ ತಿಂಡಿಯ ಟ್ರೇ ಮುಟ್ಟಿರಲಿಲ್ಲ. ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದೇ ಸಮ ಉಜ್ಜುತ್ತಿದ್ದರು. ಬೆಳಿಗ್ಗೆ ಎದ್ದ ಮೇಲೆ ಮೊದಲ ಸಿಗರೇಟು ಎಷ್ಟು ಹೊತ್ತಿಗೆ ಎಂದು ಕೇಳಿದೆ. "ಕಾಲು ನೆಲಕ್ಕೆ ತಾಗುವ ಮುಂಚೆ" ಅಂದರು. ಪುದೀನದ ತಂಪಿನ ಮೆಂಥಾಲ್ ಸಿಗರೇಟು, ಫಿಲ್ಟರ್ ಬಿಸಿಯಾಗುವ ತನಕ ಸೇದುತ್ತಾರಂತೆ. ಜನವರಿಯಲ್ಲಿ ಚರ್ಚಿನವರೆಲ್ಲ ಸೇರಿ ಮೂರು ವಾರ ಡೇನಿಯಲ್ ಫಾಸ್ಟ್ ಎಂಬ ವ್ರತ ಹಿಡಿಯುತ್ತಾರೆ. ಆಗ ಪ್ರತಿ ವರ್ಷ ಬಿಡುತ್ತಾರೆ, ವ್ರತ ಮುಗಿದ ಮೇಲೆ ಮತ್ತೆ ಅದು ಅವರನ್ನು ಹಿಡಿಯುತ್ತದೆ. ಪ್ಯಾಚ್ ತೋರಿಸಿದಾಗ, "ಇದು ನನ್ನ ಇನ್ಶೂರೆನ್ಸ್‌ನವರಿಗೂ ಕೊಡ್ತಾರಾ?" ಎಂದು ಕೇಳಿದರು. ಎಷ್ಟೋ ಡಾಕ್ಟರುಗಳು ಬಿಡಿ ಬಿಡಿ ಎಂದಿದ್ದರು. ಇದನ್ನು ಹಚ್ಚಿಕೊಳ್ಳಿ ಎಂದು ಒಬ್ಬರೂ ಅಂದಿರಲಿಲ್ಲ.

ಆ ರೆಸಿಡೆಂಟ್ ಕೆಟ್ಟವರಲ್ಲ. ನಾವೆಲ್ಲ ಕಲಿತ ಲೆಕ್ಕವನ್ನೇ ಅವರೂ ಹಾಕಿದರು. ಪ್ಯಾಚಿನ ಡಬ್ಬಿಯ ಮೇಲೆ ಅಚ್ಚಾಗಿರುವುದೂ ಅದೇ ಲೆಕ್ಕ: ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿಲಿಗ್ರಾಂ, ಹತ್ತು ಅಥವಾ ಅದಕ್ಕಿಂತ ಕಡಿಮೆಯಾದರೆ 14. ಕೊನೆಗೆ ಅಷ್ಟನ್ನಾದರೂ ಬರೆಯಬೇಕಿತ್ತು. 'ಕಡಿಮೆ ಸೇದುತ್ತಾರೆ' ಎಂದೊಡನೆ ನಮ್ಮ ಕೈ ಅದನ್ನೂ ಬರೆಯದೆ ಮುಂದಕ್ಕೆ ಹೋಗುತ್ತದೆ.

ಆದರೆ ಕಪ್ಪು ಜನ ಸರಾಸರಿಯಲ್ಲಿ ಕಡಿಮೆ ಸಿಗರೇಟು ಸೇದುತ್ತಾರೆ, ಸೇದಿದ ಒಂದೊಂದರಿಂದಲೂ ಹೆಚ್ಚು ನಿಕೋಟಿನ್ ಎಳೆದುಕೊಳ್ಳುತ್ತಾರೆ. 1998ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಈ ವ್ಯತ್ಯಾಸ ಒಂದು ಸಿಗರೇಟಿಗೆ ಸುಮಾರು ಶೇ. 30ರಷ್ಟಿತ್ತು. ದುಡ್ಡಿಲ್ಲದಾಗ ಒಂದನ್ನೇ ಪೂರ್ತಿ ಸೇದುವುದು, ಮೆಂಥಾಲ್‌ನ ತಂಪು ಗಂಟಲ ಉರಿಯನ್ನು ಮರೆಸುವುದು, ನಿಕೋಟಿನ್ನನ್ನು ದೇಹ ನಿಧಾನವಾಗಿ ಕರಗಿಸುವುದು, ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಇದನ್ನು 'ಅವರ ರಕ್ತವೇ ಬೇರೆ' ಎಂದು ಓದುವುದು ಇನ್ನೊಂದು ಅನ್ಯಾಯ. ನನ್ನ ಕೋರಿಕೆ ಸರಳ. ಯಾವ ಬಣ್ಣದ ರೋಗಿಯೇ ಆಗಲಿ, ದಿನಕ್ಕೆ ಎಷ್ಟು ಎಂದು ಕೇಳಿ ನಿಲ್ಲಿಸಬೇಡಿ, ಎದ್ದ ಎಷ್ಟು ನಿಮಿಷಕ್ಕೆ ಎಂದೂ ಕೇಳಿ. ಅರ್ಧ ಗಂಟೆಯೊಳಗೆ ಎಂದರೆ ಚಟ ಗಟ್ಟಿಯಾಗಿದೆ ಎಂದೇ ಅರ್ಥ, ಸಂಖ್ಯೆ ಏಳಿರಲಿ ಇಪ್ಪತ್ತೇಳಿರಲಿ.

ಕಡಿಮೆ ಸೇದುವವರಿಗೆ ಮದ್ದು ಕೆಲಸ ಮಾಡುತ್ತದೆಯೇ ಎಂಬ ಅನುಮಾನಕ್ಕೂ ಈಗ ಜಾಗವಿಲ್ಲ. ಕಾನ್ಸಸ್ ಸಿಟಿಯ ಸ್ವೋಪ್ ಆರೋಗ್ಯ ಕೇಂದ್ರದಲ್ಲಿ 500 ಆಫ್ರಿಕನ್ ಅಮೆರಿಕನ್ನರನ್ನೇ ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ದಿನಕ್ಕೆ ಒಂದರಿಂದ ಹತ್ತು ಸೇದುವವರೂ ಅದರಲ್ಲಿದ್ದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳ ನಂತರ ವ್ಯಾರೆನಿಕ್ಲಿನ್ ಪಡೆದವರಲ್ಲಿ ಶೇ. 15.7 ಮಂದಿ ಬಿಟ್ಟಿದ್ದರು, ಪ್ಲಾಸಿಬೊ, ಅಂದರೆ ಮದ್ದಿಲ್ಲದ ಹುಸಿ ಮಾತ್ರೆ, ಪಡೆದವರಲ್ಲಿ ಶೇ. 6.5. ಇಬ್ಬರಿಗೂ ಸಲಹೆ ಒಂದೇ ಆಗಿತ್ತು, ವ್ಯತ್ಯಾಸ ತಂದದ್ದು ಮಾತ್ರೆ. ಮನಸ್ಸು ಕೆಡಿಸುತ್ತದೆ ಎಂಬ ಭಯದಿಂದ ಈ ಮಾತ್ರೆಗೆ ಅಂಟಿಸಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ತೆಗೆದುಹಾಕಿದೆ. ಆ ಹಳೆಯ ಭಯವನ್ನೇ ಕಾರಣವಾಗಿ ಕೊಡುವವರು ಇವತ್ತಿಗೂ ನನಗೆ ಸಿಗುತ್ತಾರೆ.

ಎಣಿಕೆಯ ಈ ಮೋಸ ಪ್ಯಾಚಿಗಷ್ಟೇ ಸೀಮಿತವಲ್ಲ. ಶ್ವಾಸಕೋಶದ ಕ್ಯಾನ್ಸರ್ ಪತ್ತೆಗೆ ಸಿ.ಟಿ. ಸ್ಕ್ಯಾನ್ ಯಾರಿಗೆ ಎಂಬ 2013ರ ನಿಯಮ 30 ಪ್ಯಾಕ್-ವರ್ಷ ಕೇಳುತ್ತಿತ್ತು (ದಿನಕ್ಕೊಂದು ಪ್ಯಾಕ್‌ನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ವರ್ಷ). ಆ ನಿಯಮದಂತೆ, ಕ್ಯಾನ್ಸರ್ ಬಂದೇ ಬಿಟ್ಟಿದ್ದ ಧೂಮಪಾನಿಗಳಲ್ಲಿ ಬಿಳಿಯರು ಶೇ. 56 ಮಂದಿ ಸ್ಕ್ಯಾನಿಗೆ ಅರ್ಹರಾಗುತ್ತಿದ್ದರು, ಕಪ್ಪು ಜನ ಶೇ. 32 ಮಾತ್ರ ಎಂದು 2019ರ ಅಧ್ಯಯನವೊಂದು ತೋರಿಸಿತು. 2021ರಲ್ಲಿ ಅದನ್ನು 20ಕ್ಕೆ ಇಳಿಸಿದರು. ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು.

ಮೆಂಥಾಲ್ ಕಥೆಯನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಇಲ್ಲಿಗೆ ತಡವಾಗಿ ಬಂದ ನಮಗೆ ಇದು ಗೊತ್ತಿರುವುದಿಲ್ಲ, ಗೊತ್ತಿಲ್ಲದೆ ರೋಗಿಯನ್ನು ದೂರುವುದು ಸುಲಭವಾಗುತ್ತದೆ. 1950ರ ದಶಕದಲ್ಲಿ ಸಿಗರೇಟು ಸೇದುವ ಕಪ್ಪು ಜನರಲ್ಲಿ ಮೆಂಥಾಲ್ ಸೇದುತ್ತಿದ್ದವರು ಹತ್ತಕ್ಕೊಬ್ಬರೂ ಇರಲಿಲ್ಲ. ಕಂಪನಿಗಳು ಅವರ ಬೀದಿಗಳನ್ನು ಗುರಿಯಿಟ್ಟು ಜಾಹೀರಾತು ಫಲಕ ನಿಲ್ಲಿಸಿದವು, ವ್ಯಾನುಗಳಲ್ಲಿ ಬಂದು ಪುಕ್ಕಟೆ ಹಂಚಿದವು, ಅವರ ಪತ್ರಿಕೆಗಳಿಗೆ, ಸಂಗೀತ ಉತ್ಸವಗಳಿಗೆ ಹಣ ಸುರಿದವು. ಈಗ ಸಿಗರೇಟು ಸೇದುವ ಕಪ್ಪು ಜನರಲ್ಲಿ ಬಹುಪಾಲು ಮಂದಿ ಮೆಂಥಾಲನ್ನೇ ಸೇದುತ್ತಾರೆ. 1990ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ 'ಅಪ್‌ಟೌನ್' ಎಂಬ ಮೆಂಥಾಲ್ ಸಿಗರೇಟನ್ನು ಕಪ್ಪು ಜನರಿಗೆಂದೇ ಫಿಲಡೆಲ್ಫಿಯಾದಲ್ಲಿ ಬಿಡಲು ಹೊರಟಾಗ, ಅಲ್ಲಿನ ಚರ್ಚುಗಳೂ ಸಂಘಟನೆಗಳೂ ಎದ್ದುನಿಂತವು. ಆಗಿನ ಆರೋಗ್ಯ ಸಚಿವ, ತಾವೂ ಕಪ್ಪು ವೈದ್ಯರಾದ ಲೂಯಿಸ್ ಸಲಿವನ್ ಬಹಿರಂಗವಾಗಿ ಖಂಡಿಸಿದರು, ಕಂಪನಿ ಹಿಂದೆ ಸರಿಯಿತು. ಮನಸ್ಸಿಲ್ಲದ ಜನ ಹೀಗೆ ಹೋರಾಡುತ್ತಾರೆಯೇ? 2009ರ ಕಾನೂನು ಹಣ್ಣು, ಮಿಠಾಯಿ ರುಚಿಯ ಸಿಗರೇಟುಗಳನ್ನೆಲ್ಲ ನಿಷೇಧಿಸಿ ಮೆಂಥಾಲನ್ನು ಮಾತ್ರ ಬಿಟ್ಟಿತು. 2022ರಲ್ಲಿ ಎಫ್‌ಡಿಎ ಅದನ್ನೂ ನಿಷೇಧಿಸುವ ಪ್ರಸ್ತಾವ ಮಂಡಿಸಿತು, 2025ರ ಜನವರಿಯಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸಿಡಿಸಿಯ ಧೂಮಪಾನ ಮತ್ತು ಆರೋಗ್ಯ ಕಚೇರಿಯ ಸಿಬ್ಬಂದಿಗೆ ವಜಾ ನೋಟಿಸ್ ಹೋಯಿತು. ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಾವಾಗಿಯೇ ಮೆಂಥಾಲ್ ಮಾರಾಟ ನಿಲ್ಲಿಸಿವೆ, ಸಂತೋಷ. ಉಳಿದ ರಾಜ್ಯಗಳ ರೋಗಿಗೆ ವಾಷಿಂಗ್ಟನ್ನಿನಿಂದ ಸದ್ಯ ಏನೂ ಬರುವಂತಿಲ್ಲ. ಬರುವುದೇನಿದ್ದರೂ ನಿಮ್ಮ ಆರ್ಡರಿನಿಂದ.

ಆ ಆರ್ಡರು ಡಾಕ್ಟರಿಗೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿ ಬದಲಾಗಬೇಕು. ನನ್ನ ಮುಖ್ಯ ಮಾತು ಇದೇ. "ಬಿಡಲು ತಯಾರಿದ್ದೀರಾ?" ಎಂದು ಕೇಳಿ, ಹೌದು ಎಂದವರಿಗಷ್ಟೇ ಚಿಕಿತ್ಸೆ ಕೊಡುವುದು ಇಲ್ಲಿನ ವಾಡಿಕೆ. ಬಿಪಿ ಇದ್ದವರನ್ನು, ಸಕ್ಕರೆ ಕಾಯಿಲೆ ಇದ್ದವರನ್ನು ನಾವು ತಯಾರಿದ್ದೀರಾ ಎಂದು ಕೇಳುತ್ತೇವೆಯೇ? ಕೊಡುತ್ತೇವೆ, ಬೇಡವೆಂದರೆ ನಿಲ್ಲಿಸುತ್ತೇವೆ. ಆ ಕೇಳುವ ಗಳಿಗೆಯಲ್ಲೇ ತಾರತಮ್ಯ ನುಸುಳುತ್ತದೆ. ಯಾರು ಕೇಳುವಂತೆ ಕಾಣುತ್ತಾರೆ, ಯಾರು ಕಾಣುವುದಿಲ್ಲ ಎಂದು ಸುಸ್ತಾದ ಡಾಕ್ಟರು ಅರೆನಿಮಿಷದಲ್ಲಿ ತೀರ್ಮಾನಿಸಿಬಿಡುತ್ತಾರೆ. ಕಾನ್ಸಸ್‌ನಲ್ಲಿ ಆಸ್ಪತ್ರೆಗೆ ದಾಖಲಾದ ಧೂಮಪಾನಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿಗೆ ವಾಡಿಕೆಯಂತೆ ಕೇಳಿ ಕೊಟ್ಟರು, ಇನ್ನೊಂದಕ್ಕೆ ಬೇಡ ಎನ್ನದ ಹೊರತು ನೇರವಾಗಿ ಕೊಟ್ಟರು. 2023ರಲ್ಲಿ ಬಂದ ವರದಿಯಂತೆ ಒಂದು ತಿಂಗಳ ನಂತರ ಬಿಟ್ಟವರು ಮೊದಲ ಗುಂಪಿನಲ್ಲಿ ಶೇ. 16, ಎರಡನೆಯದರಲ್ಲಿ ಶೇ. 22. ಆರು ತಿಂಗಳ ಹೊತ್ತಿಗೆ ಈ ಅಂತರ ಬಹುಮಟ್ಟಿಗೆ ಕರಗಿತ್ತು, ಅದನ್ನೂ ಹೇಳಬೇಕು. ನನ್ನ ಮಟ್ಟಿಗೆ ಅದರ ಪಾಠ, ಡಿಸ್ಚಾರ್ಜ್ ಆದ ಮೇಲಿನ ಫೋನೂ ಮದ್ದೂ ಇನ್ನಷ್ಟು ದಿನ ನಡೆಯಬೇಕು ಎಂಬುದು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿರುವ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆ 2014ರಿಂದಲೇ ಎಲ್ಲ ಧೂಮಪಾನಿಗಳನ್ನೂ ತಾನಾಗಿಯೇ ಈ ಸೇವೆಗೆ ಸೇರಿಸುತ್ತಿದೆ, ಮನೆಗೆ ಹೋದ ಮೇಲೂ ಕರೆ ಮಾಡುತ್ತದೆ. ಅಲ್ಲಿ ಆಗುವುದು ನಮ್ಮಲ್ಲಿ ಯಾಕಾಗದು?

ಡಿಸ್ಚಾರ್ಜ್ ದಿನದ ಒಂದು ಸಣ್ಣ ವಿಷಯ. ರೋಗಿಗೆ ಅದು ಸಣ್ಣದಲ್ಲ. "ಪ್ಯಾಚ್ ಅಂಗಡಿಯಲ್ಲೇ ಸಿಗುತ್ತೆ, ತಗೊಳ್ಳಿ" ಎಂದು ದಯವಿಟ್ಟು ಕಳಿಸಬೇಡಿ. ಅಂಗಡಿಯಲ್ಲಿ ಕೊಂಡರೆ ಪೂರ್ತಿ ದುಡ್ಡು ಅವರದೇ. ನೀವು ಪ್ರಿಸ್ಕ್ರಿಪ್ಷನ್ ಬರೆದರೆ ಬಡವರಿಗಿರುವ ಸರ್ಕಾರಿ ವಿಮೆ ಮೆಡಿಕೇಡ್ ಆಗಲಿ, ಹೆಚ್ಚಿನ ಖಾಸಗಿ ಇನ್ಶೂರೆನ್ಸ್ ಆಗಲಿ ಭರಿಸುತ್ತದೆ. ಅದೇ ಪ್ಯಾಚ್, ಅದೇ ಡಬ್ಬಿ. ನಿಮ್ಮ ಸಹಿ ಒಂದಿದ್ದರೆ ಪುಕ್ಕಟೆ, ಇಲ್ಲದಿದ್ದರೆ ವಾರದ ದಿನಸಿಯ ದುಡ್ಡು. ವಾರ್ಡಿನಲ್ಲಿದ್ದಾಗ ಹಚ್ಚಿದ ಪ್ಯಾಚ್ ಡಿಸ್ಚಾರ್ಜ್ ಪಟ್ಟಿಗೆ ಬರುವಾಗ ಉದುರಿಹೋಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ!

ಚಾರ್ಟಿನ ಮಾತುಗಳ ಬಗ್ಗೆಯೂ ಎಚ್ಚರವಿರಲಿ. ಶಿಕಾಗೊದ ಸಂಶೋಧಕರು 2022ರಲ್ಲಿ ಸಾವಿರಾರು ರೋಗಿಗಳ ದಾಖಲೆ ಜಾಲಾಡಿದಾಗ, 'ಮಾತು ಕೇಳುವುದಿಲ್ಲ', 'ರೇಗಾಡುತ್ತಾರೆ' ಎಂಬ ಜಾತಿಯ ಪದಗಳು ಕಪ್ಪು ರೋಗಿಗಳ ಚಾರ್ಟಿನಲ್ಲಿ ಕಾಣುವ ಸಂಭವ ಬಿಳಿಯರಿಗಿಂತ ಎರಡೂವರೆ ಪಟ್ಟು ಇತ್ತು. ನಿಕೋಟಿನ್ ಇಲ್ಲದೆ ಒಂದು ರಾತ್ರಿ ಕಳೆದ ಮನುಷ್ಯ ಚಡಪಡಿಸುತ್ತಾನೆ, ರೇಗುತ್ತಾನೆ, ನಿದ್ದೆ ಬರದೆ ಒದ್ದಾಡುತ್ತಾನೆ. ಪ್ಯಾಚ್ ಕೊಡದೆ ಮಲಗಿಸಿ ಬೆಳಿಗ್ಗೆ ಅವನ ಸ್ವಭಾವದ ಬಗ್ಗೆ ಷರಾ ಬರೆಯುವುದು ಕ್ರೌರ್ಯ. ಆ ಷರಾ ಮುಂದಿನ ಡಾಕ್ಟರಿಗೂ, ಅವರ ಮುಂದಿನವರಿಗೂ ದಾಟುತ್ತದೆ.

ಇದನ್ನೆಲ್ಲ ಕನ್ನಡಿಗರಿಗೇ ಯಾಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ನಾನು ಹುಣಸೂರು ಕಡೆಯವಳು. ನಮ್ಮ ಕಡೆ, ಪಿರಿಯಾಪಟ್ಟಣದ ಕಡೆ ಊರೂರಿಗೂ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಉಂಟು, ಹೊಗೆಸೊಪ್ಪು ಬೇಯಿಸಿಯೇ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ನಮ್ಮ ಜನ. ಒದ್ದೆ ಸೊಪ್ಪು ಮುರಿದ ದಿನ ಹೆಂಗಸರು ತಲೆಸುತ್ತು, ವಾಂತಿ ಎಂದು ಮಲಗುತ್ತಿದ್ದರು. ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗಿಳಿಯುವುದರಿಂದ ಹಾಗಾಗುತ್ತದೆ. ಪ್ಯಾಚ್ ಕೆಲಸ ಮಾಡುವುದೂ ಅದೇ ದಾರಿಯಲ್ಲಿ, ಅಳತೆ ಮೀರದ ಹಾಗೆ. ನಮ್ಮೂರಿನ ಆ ಬೆಳೆಯನ್ನು ಇಲ್ಲಿ ವರ್ಜೀನಿಯಾದ ಹೊಲಗಳಲ್ಲಿ ತಲೆತಲಾಂತರ ನೆಟ್ಟು, ಕೊಯ್ದು, ಒಣಗಿಸಿದವರು ಗುಲಾಮರಾಗಿ ತಂದ ಆಫ್ರಿಕನ್ನರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ನಮ್ಮ ವಾರ್ಡುಗಳಲ್ಲಿ ಮಲಗಿದ್ದಾರೆ. ಇನ್ನೊಂದು ಸಂಬಂಧವೂ ಇದೆ. 2024ರ ನವೆಂಬರ್‌ನಲ್ಲಿ ತಂಬಾಕಿನ ಸಾವುನೋವಿನಲ್ಲಿರುವ ಈ ಅಸಮಾನತೆಯ ಬಗ್ಗೆಯೇ ಒಂದು ಬೃಹತ್ ವರದಿ ಹೊರಟಿತು. ಹೊರಡಿಸಿದವರು, ದೇಶದ ಜನಾರೋಗ್ಯದ ಮುಖ್ಯ ವಕ್ತಾರರಾದ ಸರ್ಜನ್ ಜನರಲ್ ಹುದ್ದೆಯಲ್ಲಿ ಆಗಿದ್ದ ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದವರು. ಅವರು ಆ ಹುದ್ದೆಗೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ದೇಶದ ವಯಸ್ಕರಲ್ಲಿ ಧೂಮಪಾನಿಗಳು 1965ರಲ್ಲಿ ಶೇ. 42ರಷ್ಟಿದ್ದವರು ವರದಿಯ ಹೊತ್ತಿಗೆ ಶೇ. 11-12ಕ್ಕೆ ಇಳಿದಿದ್ದರೂ ತಂಬಾಕಿನಿಂದ ವರ್ಷಕ್ಕೆ 4.9 ಲಕ್ಷ ಜನ ಸಾಯುತ್ತಿದ್ದಾರೆ, ಇಳಿಕೆಯ ಫಲ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ ಎಂದು ಆ ವರದಿ ಹೇಳುತ್ತದೆ. ಅಲ್ಪಸಂಖ್ಯಾತ ಜನಾಂಗಗಳ ತಂಬಾಕಿನ ಬಗ್ಗೆ ಹಿಂದಿನ ಸರ್ಜನ್ ಜನರಲ್ ಡೇವಿಡ್ ಸ್ಯಾಚರ್ ಅವರ ಕಾಲದ ವರದಿ ಬಂದದ್ದು 1998ರಲ್ಲಿ. ನಮ್ಮವರ ವರದಿ ಎಂದು ಹೆಮ್ಮೆಪಡುವುದಾದರೆ ಅದರಲ್ಲಿರುವುದನ್ನು ನಮ್ಮ ವಾರ್ಡಿನಲ್ಲಿ ಮಾಡುವುದೂ ನಮ್ಮದೇ ಹೊಣೆ.

ಇನ್ನು ನಮ್ಮ ಮನೆಯ ಹಿರಿಯರ ವಿಷಯ. ಅದೇ 2015ರ ಸಮೀಕ್ಷೆಯಲ್ಲಿ, ಡಾಕ್ಟರನ್ನು ಕಂಡ ಏಷ್ಯನ್ ಧೂಮಪಾನಿಗಳಲ್ಲಿ 'ಬಿಡಿ' ಎಂಬ ಮಾತನ್ನಾದರೂ ಕೇಳಿದವರು ಶೇ. 34 ಮಾತ್ರ, ಬಿಳಿಯರಲ್ಲಿ ಶೇ. 60. ಏಷ್ಯನ್ನರು ಸೇದುವುದಿಲ್ಲ ಎಂಬ ನಂಬಿಕೆಯೇ ಇಲ್ಲಿ ಅಡ್ಡ ಬರುತ್ತದೆ. ಊರಿಂದ ಬಂದ ಅಪ್ಪನೋ ಮಾವನೋ ಅಡ್ಮಿಟ್ ಆದಾಗ "ಸಿಗರೇಟು ಸೇದುತ್ತೀರಾ?" ಎಂದರೆ "ಇಲ್ಲ" ಎನ್ನುತ್ತಾರೆ, ನಿಜವನ್ನೇ ಹೇಳುತ್ತಾರೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ ಬಗ್ಗೆ ಯಾರೂ ಕೇಳಿರುವುದಿಲ್ಲ. ಅಂಥ ವಾರ್ಡಿನಲ್ಲಿ ನೀವಿದ್ದರೆ ನೀವು ಕೇಳಿ, ಕನ್ನಡದಲ್ಲೇ ಕೇಳಿ, ಸೊಸೆ ಮೊಮ್ಮಕ್ಕಳು ಹೊರಗಿದ್ದಾಗ ಕೇಳಿ. ಬಿಡಲು ಫೋನಿನಲ್ಲಿ ನೆರವಾಗುವ, ಏಷ್ಯನ್ನರಿಗೆಂದೇ ಇರುವ ಕ್ವಿಟ್‌ಲೈನ್ ಚೀನೀ, ಕೊರಿಯನ್, ವಿಯೆಟ್ನಾಮೀ ಭಾಷೆಗಳಲ್ಲಿ ಮಾತಾಡುತ್ತದೆ. ನಮ್ಮ ಯಾವ ಭಾಷೆಯೂ ಅದರಲ್ಲಿಲ್ಲ.

ನಾನು ಕೇಳುವುದು ಇಷ್ಟು. ಮೂಲನಿವಾಸಿ ಇಂಡಿಯನ್ನರು, ಕಪ್ಪು ಜನ, ಲ್ಯಾಟಿನೊಗಳು, ನಾವು, ಬಿಳಿಯರು, ಯಾರೇ ದಾಖಲಾಗಲಿ, ಧೂಮಪಾನಿ ಎಂದು ಗುರುತಾದೊಡನೆ ಪ್ಯಾಚಿನ ಆರ್ಡರು ತಾನಾಗಿಯೇ ಎದುರಿಗೆ ಬರುವಂತೆ ನಿಮ್ಮ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅಳವಡಿಸಿ. ಬೇಡ ಎನ್ನುವ ಹಕ್ಕು ರೋಗಿಯದು, ಮರೆಯುವ ಅವಕಾಶ ನಮಗಿರಕೂಡದು. ಗುಣಮಟ್ಟ ಸಮಿತಿಗಳಲ್ಲಿ ಕೂರುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಮುಂದಿನ ಸಭೆಯಲ್ಲಿ ಒಂದು ಪಟ್ಟಿ ಕೇಳಿ: ಕಳೆದ ಮೂರು ತಿಂಗಳಲ್ಲಿ ದಾಖಲಾದ ಧೂಮಪಾನಿಗಳಲ್ಲಿ ಎಷ್ಟು ಮಂದಿಗೆ ವಾರ್ಡಿನಲ್ಲಿ ಮದ್ದು ಸಿಕ್ಕಿತು, ಎಷ್ಟು ಮಂದಿ ಅದನ್ನು ಕೈಯಲ್ಲಿ ಹಿಡಿದು ಮನೆಗೆ ಹೋದರು, ಜನಾಂಗವಾರು. ಒಟ್ಟು ಲೆಕ್ಕ ತೋರಿಸಿ ಚೆನ್ನಾಗಿದೆ ಎಂದರೆ ಒಪ್ಪಬೇಡಿ, ಬಿಡಿಸಿ ಕೊಡಿ ಎಂದು ಹಟ ಹಿಡಿಯಿರಿ. ಇಲ್ಲಿನ ಕನ್ನಡ ಸಂಘಟನೆಗಳಾದ ಅಕ್ಕ, ನಾವಿಕದ ಸಮ್ಮೇಳನ ನಡೆಸುವವರು ಮುಂದಿನ ಸಲ ವೈದ್ಯರು ಸೇರಿದಾಗ ಒಂದು ಗಂಟೆ ಇದಕ್ಕೆ ಕೊಡಿ. ಆರ್ಡರ್ ಪಟ್ಟಿ ಹೇಗಿರಬೇಕು, ಯಾವ ಇನ್ಶೂರೆನ್ಸ್ ಏನು ಕೊಡುತ್ತದೆ ಎಂಬುದನ್ನು ಬರೆದುಕೊಂಡು ನಾನು ಬರುತ್ತೇನೆ, ನನ್ನ ಜೊತೆ ಬರಲು ಇನ್ನೂ ಕೆಲವು ಫಾರ್ಮಸಿಸ್ಟರು ತಯಾರಿದ್ದಾರೆ. ನಿಮ್ಮ ಆಸ್ಪತ್ರೆಯ ಪಟ್ಟಿಯನ್ನು ನೀವು ತನ್ನಿ.

ಇಂತಿ ತಮ್ಮ ವಿಶ್ವಾಸಿ,
ಓಹಾಯೊದ ಒಬ್ಬ ಕನ್ನಡತಿ ಫಾರ್ಮಸಿಸ್ಟ್